ಆ ಬಿಳುಪನ್ನು ನಾವು ಹೊಗಳಬಾರದಿತ್ತು

ಕೆಲವು ವರ್ಷಗಳಿಂದ ಕನ್ನಡದಲ್ಲಿ ಒಂದು ಬಗೆಯ ಪ್ರವಾಸ ಬರಹ ಹುಲುಸಾಗಿ ಬೆಳೆಯುತ್ತಿದೆ. ಅದರ ಚೌಕಟ್ಟು ನಮಗೆಲ್ಲ ಬಾಯಿಪಾಠ. ನಗರದ ನೌಕರಿಯಿಂದ ಬೇಸತ್ತ ಒಬ್ಬರು ಬೆನ್ನಿಗೊಂದು ಚೀಲ ಏರಿಸಿ ಒಬ್ಬಂಟಿಯಾಗಿ ಹೊರಡುತ್ತಾರೆ. ಬೆಟ್ಟವೋ ಕಡಲೋ ಎದುರಾಗುತ್ತದೆ. ಕಡಲಾದರೆ ಮುಖಕ್ಕೆ ಗಾಜಿನ ಮುಖವಾಡ ಬಿಗಿದು, ಉಸಿರುಗೊಳವೆಯನ್ನು ಹಲ್ಲಿನಲ್ಲಿ ಕಚ್ಚಿ ನೀರಿಗಿಳಿಯುತ್ತಾರೆ. ಕೆಳಗೆ ಹವಳದ ದಿಬ್ಬ ತೆರೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಮೂರು ಮಾತುಗಳು ಬಂದೇ ಬರುತ್ತವೆ: ಅದು ಬೇರೆಯೇ ಲೋಕ, ಅಲ್ಲಿ ಗಾಢವಾದ ಮೌನ, ಆ ಮೌನದಲ್ಲಿ ನನಗೆ ನಾನು ಸಿಕ್ಕೆ. ಅಲ್ಲಿಗೆ ಬರಹ ಮುಗಿಯುತ್ತದೆ, ಓದಿದವರು ತಲೆದೂಗುತ್ತಾರೆ.

ಇಂಥ ಬರಹ ಇನ್ನು ಸಾಕು ಎಂಬುದು ನಮ್ಮ ವಾದ. ಅದು ನೀರಸವೆಂದು ಹೀಗೆನ್ನುತ್ತಿಲ್ಲ. ಎಷ್ಟೋ ಸಲ ಸೊಗಸಾಗಿಯೇ ಇರುತ್ತದೆ. ಅದು ಸುಳ್ಳು ಹೇಳುತ್ತದೆ ಎಂಬುದೇ ನಮ್ಮ ತಕರಾರು. ಹವಳದ ದಿಬ್ಬಗಳು ನಮ್ಮ ಆಯುಷ್ಯದೊಳಗೇ ಅಳಿಯುತ್ತಿರುವ ಕಾಲದಲ್ಲಿ ಆ ಸುಳ್ಳು ನಿರಪಾಯದ್ದಾಗಿ ಉಳಿದಿಲ್ಲ. ಇಷ್ಟು ಕಟುವಾಗಿ ಹೇಳುವ ಹಕ್ಕು ನಮಗೆಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಉತ್ತರ ಸರಳ: ನಾವೂ ಅಂಥದೊಂದನ್ನು ಬರೆದವರು.

2024ರ ಏಪ್ರಿಲ್ ಕೊನೆಯ ವಾರ ನಾವು ಲಕ್ಷದ್ವೀಪದ ಕಡಮತ್‌ಗೆ ಹೋಗಿದ್ದೆವು. ಬರಹದ ರೂಢಿಯಂತೆ 'ನಾವು' ಎನ್ನುತ್ತಿದ್ದೇವೆ, ಹೋದದ್ದು ಒಬ್ಬರೇ. ಆ ವರ್ಷದ ಜನವರಿಯಲ್ಲಿ ಪ್ರಧಾನಿಯವರು ಲಕ್ಷದ್ವೀಪದಲ್ಲಿ ಸ್ನಾರ್ಕೆಲಿಂಗ್ ಮಾಡಿದ ಚಿತ್ರಗಳು ಪ್ರಕಟವಾದಂದಿನಿಂದ ದೇಶದ ಕಣ್ಣೆಲ್ಲ ಅತ್ತ ಹೊರಳಿತ್ತು, ನಮ್ಮದೂ ಹೊರಳಿತು. ಕೊಚ್ಚಿಯಿಂದ ಸುಮಾರು 400 ಕಿ.ಮೀ. ಹಡಗು ಪಯಣ. ದ್ವೀಪ ಎಂಟೊಂಬತ್ತು ಕಿ.ಮೀ. ಉದ್ದ, ಅಗಲ ಎಲ್ಲಿಯೂ ಒಂದು ಕಿ.ಮೀ. ಆಗದು. ಪಡುವಲಿಗೆ ದಿಬ್ಬ ಕಾಯುವ ಶಾಂತ ನೀರಿನ ಲಗೂನ್. ಆ ಎದೆಮಟ್ಟದ ನೀರಿನಲ್ಲಿ ನಾವು ತೇಲಿದೆವು, ನೋಡಿದೆವು. ಕವಲೊಡೆದ ಹವಳಗಳ ದೊಡ್ಡದೊಂದು ಹರವು ಬೆಳ್ಳಗೆ ಹೊಳೆಯುತ್ತಿತ್ತು. ಮರಳಿ ಬಂದು ಹತ್ತು ಪುಟದ ಲೇಖನ ಬರೆದೆವು. 'ಅಮೃತಶಿಲೆಯ ತೋಟ' ಎಂದು ಅದಕ್ಕೆ ಹೆಸರಿಟ್ಟೆವು. ಜೂನ್ ತಿಂಗಳ ಕೂಟದಲ್ಲಿ ಅದನ್ನು ಓದಿದಾಗ ಚಪ್ಪಾಳೆಯೂ ಬಿತ್ತು.

ಚಪ್ಪಾಳೆ ಅಡಗಿದ ಮೇಲೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಹಿರಿಯ ಸದಸ್ಯೆಯೊಬ್ಬರು ಕೇಳಿದರು: "ಬಿಳಿ ಅಂದಿರಲ್ಲ, ಎಷ್ಟು ಬಿಳಿ? ದಂತದ ಹಾಗೋ, ಸುಣ್ಣದ ಹಾಗೋ?"

"ಸುಣ್ಣದ ಹಾಗೆ, ಮೇಡಂ. ಅಷ್ಟು ಶುಭ್ರ."

"ಹಾಗಾದರೆ ಅದು ತೋಟವಲ್ಲ, ಆಸ್ಪತ್ರೆ," ಎಂದು ಅವರು ಸುಮ್ಮನಾದರು. ಚಹಾ ಬಂತು, ಮಾತು ಬೇರೆಡೆಗೆ ಹೋಯಿತು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ.

ಅವರ ಮಾತಿನ ಹಿಂದಿನ ಸಂಗತಿ ಇದು. ಹವಳವೆಂಬುದು ಕಲ್ಲಲ್ಲ, ಗಿಡವೂ ಅಲ್ಲ. ಸಾವಿರಾರು ಪುಟ್ಟ ಪ್ರಾಣಿಗಳು ಒಟ್ಟಾಗಿ ಬಾಳುವ ವಸಾಹತು. ಒಂದೊಂದು ಪ್ರಾಣಿಯೂ, ಅಂದರೆ ಪಾಲಿಪ್, ತನ್ನ ಅಡಿಯಲ್ಲಿ ಸುಣ್ಣದ ಬಟ್ಟಲು ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ವಾಸಿಸುತ್ತವೆ. ಪಾಚಿ ಬಿಸಿಲಿನಿಂದ ಅಡುಗೆ ಮಾಡಿ ಬಹುಪಾಲನ್ನು ಮನೆಯೊಡೆಯನಿಗೆ ಕೊಡುತ್ತದೆ. ಹವಳದ ಮೈಬಣ್ಣದ ಬಹುಭಾಗವೂ ಈ ಒಕ್ಕಲಿನದೇ. ಪಾಚಿ ಕಂದುಬಣ್ಣದ್ದಾದ್ದರಿಂದ ಆರೋಗ್ಯವಂತ ದಿಬ್ಬದ ಹೆಚ್ಚಿನ ಹವಳಗಳು ಕಂದು, ಹಳದಿಗಂದು, ಮಾಸಲು ಹಸಿರು. ಕಡಲ ನೀರು ಆ ಜಾಗದ ಬೇಸಗೆಯ ರೂಢಿಯ ಕಾವಿಗಿಂತ ಒಂದು ಡಿಗ್ರಿ ಸೆಲ್ಸಿಯಸ್ ಮೀರಿ ವಾರಗಟ್ಟಲೆ ನಿಂತರೆ ಈ ಒಡನಾಟ ಮುರಿಯುತ್ತದೆ. ಹವಳ ತನ್ನ ಪಾಚಿಯನ್ನು ಹೊರಹಾಕುತ್ತದೆ. ಆಗ ಗಾಜಿನಂಥ ಮೈಯೊಳಗಿಂದ ಸುಣ್ಣದ ಎಲುಬು ಕಾಣುತ್ತದೆ. ಬಿಳಿಚಿದ ಹವಳ ಆ ಕ್ಷಣಕ್ಕೆ ಸತ್ತಿರುವುದಿಲ್ಲ, ಹಸಿದಿರುತ್ತದೆ. ಕಾವು ಬೇಗ ಇಳಿದರೆ ಪಾಚಿ ಮರಳಿ ಬಂದು ಬದುಕಲೂಬಹುದು. ಇಳಿಯದಿದ್ದರೆ ಉಪವಾಸದಿಂದ ಸಾಯುತ್ತದೆ. ಕೆಲವು ಹವಳಗಳು ಬಿಳಿಚುವ ಮುನ್ನ ನೇರಳೆ, ನೀಲಿ, ಗುಲಾಬಿ ಬಣ್ಣಗಳಲ್ಲಿ ಹೊಳೆಯುವುದೂ ಉಂಟು. ಚಿತ್ರ ತೆಗೆಯುವವರು ಮುಗಿಬೀಳುವ ಆ ಹೊಳಪು ರೋಗಲಕ್ಷಣವಾಗಿರಬಹುದು.

2024ರ ಏಪ್ರಿಲ್ 15ರಂದು ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯಾದ ನೋವಾ, ಜಗತ್ತಿನ ಹವಳಗಳು ನಾಲ್ಕನೆಯ ಜಾಗತಿಕ ಬಿಳಿಚುವಿಕೆಗೆ ಸಿಕ್ಕಿವೆ ಎಂದು ಘೋಷಿಸಿತ್ತು. ಮೊದಲ ಮೂರು ಬಂದದ್ದು 1998, 2010 ಹಾಗೂ 2014ರಿಂದ 2017ರವರೆಗಿನ ಅವಧಿಯಲ್ಲಿ. ಮೇ ತಿಂಗಳಲ್ಲಿ ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, 2023ರ ಅಕ್ಟೋಬರ್ ಕೊನೆಯಿಂದ ಇಳಿಯದ ಕಡಲ ಕಾವಿನಿಂದಾಗಿ ಲಕ್ಷದ್ವೀಪದ ಹವಳಗಳು ತೀವ್ರವಾಗಿ ಬಿಳಿಚಿವೆ ಎಂದು ತಿಳಿಸಿತು. ಈ ಎರಡು ಸುದ್ದಿಗಳ ನಡುವೆ ನಮ್ಮ ಪ್ರವಾಸ ನಡೆದಿತ್ತು. ಎರಡನ್ನೂ ನಾವು ಓದಿರಲಿಲ್ಲ. ಜನವರಿಯ ಚಿತ್ರಗಳನ್ನು ನೋಡಿದ್ದೆವು, ಮೇ ತಿಂಗಳ ಸುದ್ದಿಯನ್ನು ನೋಡಲಿಲ್ಲ. ಹಸಿವಿನಿಂದ ಎಲುಬು ಬಿಟ್ಟ ಪ್ರಾಣಿಯೆದುರು ನಿಂತು ಅಮೃತಶಿಲೆಯೆಂದು ಉಪಮೆ ಕಟ್ಟಿದೆವು. ಬರಗಾಲದ ಊರಿಗೆ ಹೋಗಿ ಅಲ್ಲಿನವರ ಸಪೂರ ಮೈಕಟ್ಟನ್ನು ಹೊಗಳಿದವನನ್ನು ನಾವು ಏನೆಂದು ಕರೆಯುತ್ತೇವೋ ಆ ಹೆಸರಿಗೆ ಅಂದು ನಾವು ಅರ್ಹರಾಗಿದ್ದೆವು.

ಇದು ಬರಿಯ ಅಜ್ಞಾನವಾಗಿದ್ದರೆ ಒಂದು ಕ್ಷಮಾಪಣೆಯಲ್ಲಿ ಮುಗಿಯುತ್ತಿತ್ತು. ಆದರೆ ಆ ಅಜ್ಞಾನವನ್ನು ಸಾಕಿದ್ದು ನಾವು ಆರಿಸಿಕೊಂಡ ಬರಹದ ಬಗೆ. ಕೆಳಗಿರುವುದನ್ನು ನೋಡುವುದಕ್ಕಿಂತ ಅದನ್ನು ನೋಡುತ್ತಿರುವ ತನ್ನನ್ನು ನೋಡಿಕೊಳ್ಳುವುದೇ ಅಲ್ಲಿ ಮುಖ್ಯ. ಹವಳವೆಂಬ ಮಾತೂ ಈ ದೃಷ್ಟಿದೋಷಕ್ಕೆ ಒತ್ತಾಸೆಯಾಗಿದೆ. ನಮ್ಮ ಅಜ್ಜಿಯರ ಕರಿಮಣಿ ಸರದಲ್ಲಿದ್ದ ಕೆಂಪು ಹವಳ ಮೆಡಿಟರೇನಿಯನ್ ಕಡಲಿನ ಬೇರೊಂದು ಜಾತಿಯ ಪ್ರಾಣಿಯ ಎಲುಬು. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು. ಹವಳವೆಂದೊಡನೆ ನಮ್ಮ ಮನಸ್ಸಿಗೆ ಒಡವೆ ಬರುತ್ತದೆಯೇ ಹೊರತು ಉಣ್ಣುವ, ಉಸಿರಾಡುವ, ನೋಯುವ ಜೀವ ಬರುವುದಿಲ್ಲ. ಒಡವೆ ಬಿಳಿಯಾದರೇನು, ಕೆಂಪಾದರೇನು?

ಇನ್ನು ಆ ಮೂರು ಮಾತುಗಳನ್ನು ಒಂದೊಂದಾಗಿ ನೋಡೋಣ.

ಮೌನ ಎನ್ನುತ್ತೇವೆ. ಜೀವಂತ ಹವಳದ ದಿಬ್ಬ ಮೌನವಾಗಿರುವುದಿಲ್ಲ. ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಅಲ್ಲಿ ಸದಾ ಚಟಪಟ ಸದ್ದು. ಚಿಟಿಕೆ ಹೊಡೆಯುವ ಒಂದು ಜಾತಿಯ ಸಣ್ಣ ಸಿಗಡಿಗಳ ಕೊಂಡಿಯಿಂದ ಹೊರಡುವ ಸದ್ದು ಅದು. ಗಿಳಿಮೀನುಗಳು ಗಟ್ಟಿ ಕೊಕ್ಕಿನಿಂದ ಸತ್ತ ಹವಳದ ಮೈ ಕೆರೆಯುವ ಸದ್ದನ್ನು ತೇಲುವವರ ಕಿವಿಯೂ ಕೇಳಬಲ್ಲದು. ಅವು ಕೆರೆದು ನುಂಗಿದ ಸುಣ್ಣ ಮರಳಾಗಿ ಹೊರಬೀಳುತ್ತದೆ. ನಾವು ಟವೆಲ್ ಹಾಸಿ ಮಲಗುವ ಬೆಳ್ಳನೆಯ ತೀರದ ಒಂದು ಪಾಲು ಈ ಮೀನುಗಳ ಹೊಟ್ಟೆಯಿಂದ ಬಂದದ್ದು. ಎಲ್ಲಿ ನಿಜವಾಗಿಯೂ ಸದ್ದಡಗಿದೆಯೋ ಅಲ್ಲಿ ದಿಬ್ಬ ಸೊರಗಿದೆ ಎಂದು ಅನುಮಾನಿಸಬೇಕು. ನಾವು ಮೌನವೆಂದು ಬರೆದದ್ದು ನಮ್ಮ ಉಸಿರಾಟದ ಸದ್ದಿಗೇ ಕಿವಿಗೊಟ್ಟಿದ್ದರಿಂದ.

ಬೇರೆಯೇ ಲೋಕ ಎನ್ನುತ್ತೇವೆ. ಕನ್ನಡಿಗರ ಬಾಯಲ್ಲಂತೂ ಈ ಮಾತು ನಗೆಪಾಟಲು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ಈ ಐದು ಬಡಗಣ ದ್ವೀಪಗಳಿಗೆ ಅಮಿನಿದಿವಿ ಎಂದು ಹೆಸರು. ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಗೆ ಬೇಸತ್ತ ಅಲ್ಲಿನ ಜನ 1787ರಲ್ಲಿ ಟಿಪ್ಪುವಿನ ಆಶ್ರಯಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ದ್ವೀಪಗಳು ಕಂಪನಿಯ ಕೈಸೇರಿ ಕೆನರಾ ಆಡಳಿತಕ್ಕೆ ಒಳಪಟ್ಟವು. ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಮಂಗಳೂರಿನಿಂದ ಆಳಿಸಿಕೊಂಡವು. ದ್ವೀಪದವರ ಹಾಯಿ ಓಡಗಳು ತೆಂಗಿನ ನಾರಿನ ಹುರಿ ಹೊತ್ತು ಮಂಗಳೂರು ಬಂದರಿಗೆ ಬಂದು ಅಕ್ಕಿ ಹೊತ್ತು ಮರಳುತ್ತಿದ್ದವು. 1956ರ ನವೆಂಬರ್ 1ರಂದು, ನಾವು ರಾಜ್ಯೋತ್ಸವವೆಂದು ಆಚರಿಸುವ ಅದೇ ದಿನ, ಅವು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದವು. ಮುಂಬಯಿ, ಚೆನ್ನೈ, ದೆಹಲಿಗಳಲ್ಲಿ ಕುಳಿತು ಪ್ರತಿ ನವೆಂಬರಿನಲ್ಲಿ ಬಾವುಟ ಏರಿಸುವ ನಾವು ಆ ದಿನ ನಮ್ಮ ಜಿಲ್ಲೆಯ ನಕ್ಷೆಯಿಂದ ಸರಿದುಹೋದ ಐದು ಹವಳದ ದ್ವೀಪಗಳನ್ನು ನೆನೆದದ್ದಿಲ್ಲ. ಒಂದೂವರೆ ಶತಮಾನ ನಮ್ಮ ಕಂದಾಯದ ಕಡತಗಳಲ್ಲಿದ್ದ ನೆಲವನ್ನು ಈಗ 'ಅನ್ಯಲೋಕ' ಎಂದು ಕರೆಯುವುದು ಬೆರಗಿನ ಮಾತಲ್ಲ, ಮರೆವಿನ ಮಾತು.

ಒಬ್ಬಂಟಿ ಎನ್ನುತ್ತೇವೆ. ಮೂರರಲ್ಲಿ ಬಹು ದೊಡ್ಡ ಹುಸಿ ಇದು. ಇದರ ಬೇರು ಎಲ್ಲಿದೆಯೆಂಬುದು ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಕುಳಿತು ಬಂದ ನಮ್ಮಂಥವರಿಗೆ ಗೊತ್ತಿರಬೇಕಿತ್ತು. ವರ್ಡ್ಸ್‌ವರ್ತ್ ಹಳದಿ ಡ್ಯಾಫೊಡಿಲ್ ಹೂಗಳ ಸಾಲನ್ನು ಕಂಡದ್ದು 1802ರ ಏಪ್ರಿಲ್ 15ರಂದು. ಅಂದು ಅವನ ಜೊತೆ ತಂಗಿ ಡೊರೊತಿ ಇದ್ದಳು. ಆ ಹೂಗಳ ವಿವರವನ್ನು ಮೊದಲು ತನ್ನ ದಿನಚರಿಯಲ್ಲಿ ಬರೆದಿಟ್ಟವಳೂ ಅವಳೇ. 1807ರಲ್ಲಿ ಕವಿತೆ ಅಚ್ಚಾದಾಗ ಡೊರೊತಿ ಮಾಯವಾಗಿದ್ದಳು, ಕವಿ ಏಕಾಂಗಿಯಾಗಿದ್ದ. ಕವಿತೆಗೆ ಆ ಏಕಾಂತ ಬೇಕಿತ್ತು ಎನ್ನೋಣ. ಕವಿತೆ ದೊಡ್ಡದು, ಕ್ಷಮಿಸೋಣ. ಇನ್ನೂರು ವರ್ಷಗಳ ಮೇಲೆ ಅದೇ ಉಪಾಯವನ್ನು ಬೆನ್ನುಚೀಲದಲ್ಲಿ ತುಂಬಿಕೊಂಡು ಕಡಮತ್‌ಗೆ ಹೋದ ನಮ್ಮನ್ನು ಕ್ಷಮಿಸಲು ಕಾರಣ ಕಾಣದು.

ನಮ್ಮ 'ಒಬ್ಬಂಟಿ' ಪಯಣದಲ್ಲಿ ಯಾರು ಯಾರಿದ್ದರು? ಹಡಗಿನ ಖಲಾಸಿಗಳಿದ್ದರು. ಹಡಗು ದಿಬ್ಬದ ಹೊರಗೇ ನಿಂತಾಗ ತೂಗಾಡುವ ದೋಣಿಗೆ ನಮ್ಮನ್ನು ಕೈಹಿಡಿದು ಇಳಿಸಿಕೊಂಡು, ಹವಳದ ನಡುವಣ ಕಿರುದಾರಿಯಲ್ಲಿ ಒಳತಂದವರಿದ್ದರು. ಅನ್ನ, ಮೀನುಸಾರು ಬಡಿಸಿದವರು, ಕುಡಿಯುವ ನೀರು ತಂದಿಟ್ಟವರು ಇದ್ದರು. ಮುಖವಾಡದೊಳಗೆ ಮಂಜು ಕಟ್ಟದಂತೆ ಒರೆಸಿಕೊಟ್ಟು, ಎರಡು ದಿನ ನಮ್ಮ ಪಕ್ಕದಲ್ಲೇ ಈಜಿದ ಇಪ್ಪತ್ತರ ಹರೆಯದ ಯುವಕನಿದ್ದ. ಕೊನೆಗೆ ನಮ್ಮ ಏಕಾಂತದ ಟಿಕೆಟ್ ಹಣವೂ ಎಲ್‌ಟಿಸಿ ಬಿಲ್ಲಿನಲ್ಲಿ ಮರಳಿ ಬಂತು. ದೇಶದ ತೆರಿಗೆದಾರರೂ ಜೊತೆಗಿದ್ದರೆಂದಾಯಿತು. ಹತ್ತು ಪುಟಗಳ ಲೇಖನದಲ್ಲಿ ಇವರಲ್ಲಿ ಒಬ್ಬರೂ ಇರಲಿಲ್ಲ.

ಆ ಯುವಕ ಒಮ್ಮೆ ಮಾತ್ರ ದನಿಯೇರಿಸಿದ್ದ. ನೀರು ಕುಡಿದು ಗಾಬರಿಯಾಗಿ ನಾವು ಕಾಲಿಗೆ ಸಿಕ್ಕ ಗಟ್ಟಿ ಗುಂಡಿನ ಮೇಲೆ ನಿಂತುಬಿಟ್ಟಿದ್ದೆವು. "ಚವಿಟ್ಟಲ್ಲೇ!" ಎಂದು ಕೂಗಿದ. ತುಳಿಯಬೇಡಿ ಎಂದರ್ಥ. ಅದೊಂದು ಗುಂಡುಹವಳ, ಎರಡಡಿ ಎತ್ತರದ್ದು. ಆ ಬಗೆಯ ಹವಳ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಲೆಕ್ಕ ಹಾಕಿದರೆ ಅದು ನಮಗಿಂತ ಹಿರಿಯ. ದಿಬ್ಬ ಕಟ್ಟುವ ಹವಳಗಳೆಲ್ಲ 2001ರಿಂದ ವನ್ಯಜೀವಿ ರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಹುಲಿಯ ಬೆನ್ನ ಮೇಲೆ ನಿಂತು ಉಸಿರು ಸರಿಮಾಡಿಕೊಂಡವರು ಅದನ್ನು ಬರೆಯದೆ ಬಿಡುವುದಿಲ್ಲ, ನಾವು ಬಿಟ್ಟೆವು. ಲೇಖನದಲ್ಲಿ ಆ ಕ್ಷಣ 'ಅಲೆಯೊಂದು ನನ್ನನ್ನು ಎತ್ತಿ ನಿಲ್ಲಿಸಿತು' ಎಂದಾಗಿತ್ತು.

ನಮ್ಮ ವಿರುದ್ಧ ಹೇಳಬಹುದಾದ ಮಾತುಗಳು ನಮಗೆ ತಿಳಿಯದೆ ಇಲ್ಲ. ಮೊದಲನೆಯದು: ಒಬ್ಬಂಟಿಯಾಗಿ ತಿರುಗುವುದು, ಅದರಲ್ಲೂ ಹೆಣ್ಣುಮಕ್ಕಳಿಗೆ, ಕಷ್ಟಪಟ್ಟು ಗಳಿಸಿದ ಸ್ವಾತಂತ್ರ್ಯ; ಅದನ್ನು ಹಳಿಯುವುದು ಹಳೆಯ ಬೇಲಿಯನ್ನು ಮತ್ತೆ ಕಟ್ಟಿದಂತೆ. ಒಪ್ಪಿದೆವು. ಒಬ್ಬರೇ ಹೋಗುವುದಕ್ಕೆ ನಮ್ಮ ವಿರೋಧವಿಲ್ಲ. ಒಬ್ಬರೇ ಇದ್ದೆವೆಂದು ಬರೆಯುವುದಕ್ಕೆ ವಿರೋಧ. ಮನೆಯವರ ಕಾವಲಿನಿಂದ ಬಿಡಿಸಿಕೊಂಡದ್ದು ಒಂದು ಸಂಗತಿ. ದೋಣಿ ನಡೆಸಿದವರನ್ನು ಪುಟದಿಂದ ಇಳಿಸುವುದು ಇನ್ನೊಂದು.

ಎರಡನೆಯದು ಇನ್ನೂ ಗಟ್ಟಿಯಾದ ಆಕ್ಷೇಪ. ಹವಳವನ್ನು ಬಿಳಿಚಿಸಿದ್ದು ಸ್ನಾರ್ಕೆಲಿಂಗ್ ಮಾಡುವವರಲ್ಲ, ಕಡಲ ಕಾವು. ಭೂಮಿ ಹೆಚ್ಚುವರಿಯಾಗಿ ಹಿಡಿದಿಟ್ಟುಕೊಳ್ಳುತ್ತಿರುವ ಶಾಖದಲ್ಲಿ ಶೇ. 90ಕ್ಕೂ ಹೆಚ್ಚನ್ನು ಸಾಗರಗಳು ನುಂಗುತ್ತಿವೆ. ಕಲ್ಲಿದ್ದಲು, ಎಣ್ಣೆ ಉರಿಸುವ ಇಡೀ ಜಗತ್ತಿನ ಪಾಪವನ್ನು ಬೆನ್ನುಚೀಲದ ಬಡಪಾಯಿಯ ತಲೆಗೆ ಕಟ್ಟುವುದೇಕೆ? ನಿಜ, ಒಬ್ಬನ ಕಾಲ್ತುಳಿತದಿಂದ ಲಕ್ಷದ್ವೀಪ ಅಳಿಯದು. ಸನ್‌ಸ್ಕ್ರೀನ್ ಬದಲಿಸಿದ ಮಾತ್ರಕ್ಕೆ ಉಳಿಯದು. ಹವಾಯಿ ರಾಜ್ಯ ಆಕ್ಸಿಬೆಂಜೋನ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನು 2021ರಿಂದ ನಿಲ್ಲಿಸಿದ್ದು ಒಳ್ಳೆಯದೇ. ಆದರೆ ಅದರಿಂದ ಕಡಲು ತಣಿಯುವುದಿಲ್ಲ.

ನಮ್ಮ ವಾದ ನಿಂತಿರುವುದು ಇಲ್ಲಿಯೇ. ಪ್ರವಾಸಿಯನ್ನು ಅಪರಾಧಿಯೆಂದು ನಾವು ಕರೆಯುತ್ತಿಲ್ಲ. ಅವನು ಸಾಕ್ಷಿ ಎನ್ನುತ್ತಿದ್ದೇವೆ. ಬಿಳಿಚುವಿಕೆ ನೀರಿನ ಕೆಳಗೆ ನಡೆಯುತ್ತದೆ. ಕಾಡು ಸುಟ್ಟರೆ ಹೊಗೆ ಊರಿಗೆ ಕಾಣುತ್ತದೆ, ಕೆರೆ ಬತ್ತಿದರೆ ಬಿರುಕು ಕಾಣುತ್ತದೆ. ದಿಬ್ಬ ಸಾಯುವಾಗ ಮೇಲಿನ ನೀರು ಎಂದಿನಂತೆ ಹಸಿರುನೀಲಿಯಾಗಿ ಹೊಳೆಯುತ್ತಿರುತ್ತದೆ. ಆ ಹೊತ್ತಿನಲ್ಲಿ ಮುಖವನ್ನು ನೀರಿಗೆ ಅದ್ದಿದವರು ಮಾತ್ರ ಅದನ್ನು ಕಾಣಬಲ್ಲರು. ಅವರು ಅಮೃತಶಿಲೆಯೆಂದು ಬರೆದರೆ, ಓದಿದ ನೂರು ಜನ ಲಕ್ಷದ್ವೀಪ ಸುಖವಾಗಿದೆಯೆಂದು ನಂಬುತ್ತಾರೆ. ಸುಳ್ಳು ಸಾಕ್ಷಿ ಎಂದರೆ ಇದೇ. ತಿಳಿಯದೆ ನುಡಿದರೂ ಅದು ಸುಳ್ಳೇ.

ನಿಜವಾದ ಸಾಕ್ಷಿ ಹೇಗಿರುತ್ತದೆಂದು ತಿಳಿಯಲು ದೂರ ಹೋಗಬೇಕಿಲ್ಲ. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು 1998ರ ಬಿಳಿಚುವಿಕೆಯ ಕಾಲದಿಂದ ಲಕ್ಷದ್ವೀಪದ ದಿಬ್ಬಗಳಿಗೆ ಮತ್ತೆ ಮತ್ತೆ ಹೋಗಿ ಎಣಿಸುತ್ತ ಬಂದಿದ್ದಾರೆ. ಅಗತ್ತಿ, ಕಡಮತ್, ಕವರತ್ತಿಗಳ ದಿಬ್ಬಗಳಲ್ಲಿ ಜೀವಂತ ಹವಳದ ಹೊದಿಕೆ 1998ರಲ್ಲಿ ಸುಮಾರು ಶೇ. 37ರಷ್ಟಿದ್ದುದು 2022ರ ಹೊತ್ತಿಗೆ ಶೇ. 20ಕ್ಕಿಂತ ಕೆಳಗಿಳಿದಿತ್ತು, ಎಂದರೆ ಕಾಲು ಶತಮಾನದಲ್ಲಿ ಅರ್ಧದಷ್ಟು ನಷ್ಟ. 2024ರ ಹೊಡೆತ ಆಮೇಲಿನದು. ಈ ಸಂಖ್ಯೆಗಳ ಹಿಂದೆ ಒಂದೇ ಜಾಗಕ್ಕೆ ಮರಳಿ ಹೋಗುವ ಸಹನೆಯಿದೆ. ನಮ್ಮ ಪ್ರವಾಸ ಬರಹಕ್ಕೆ ಆ ಸಹನೆಯಿಲ್ಲ. ಒಮ್ಮೆ ಹೋಗುತ್ತೇವೆ, ನಮ್ಮನ್ನು ಕಂಡುಕೊಳ್ಳುತ್ತೇವೆ, ಮುಂದಿನ ರಜೆಗೆ ಬೇರೊಂದು ಜಾಗ ಹುಡುಕುತ್ತೇವೆ.

ದಿಬ್ಬ ಸತ್ತರೆ ಪ್ರವಾಸಿಗೆ ಹೋಗುವುದು ಒಂದು ನೋಟ. ದ್ವೀಪದವರಿಗೆ ಹೋಗುವುದು ನೆಲ. ಮಾನ್ಸೂನಿನ ಅಲೆಗಳನ್ನು ಮೊದಲು ಎದುರಿಸುವುದು ದಿಬ್ಬ. ಅದು ಸವೆದರೆ ಅಲೆ ನೇರ ತೀರಕ್ಕೆ ಬರುತ್ತದೆ. ಅವರ ಜೀವನೋಪಾಯವಾದ ಟ್ಯೂನಾ ಮೀನನ್ನು ದ್ವೀಪದವರು ಬಲೆಯಿಲ್ಲದೆ, ಗಳು ಮತ್ತು ಗಾಳದಿಂದ ಒಂದೊಂದಾಗಿ ಹಿಡಿಯುತ್ತಾರೆ. ಟ್ಯೂನಾ ಸೆಳೆಯಲು ಜೀವಂತ ಸಣ್ಣ ಮೀನುಗಳನ್ನು ಎರಚಬೇಕು. ಆ ಸಣ್ಣ ಮೀನುಗಳು ಸಿಗುವುದು ಲಗೂನಿನಲ್ಲಿ, ಹವಳದ ಆಸರೆಯಲ್ಲಿ. ಹವಳ ಹೋದರೆ ಗಾಳಕ್ಕೆ ಎರೆಯಿಲ್ಲ, ಎರೆಯಿಲ್ಲದೆ ಟ್ಯೂನಾ ಇಲ್ಲ. ನಮ್ಮ ಲೇಖನದಲ್ಲಿ ಆ ಸಣ್ಣ ಮೀನುಗಳು 'ಬೆಳ್ಳಿಯ ಚಿಮ್ಮು' ಆಗಿದ್ದವು. ಅವು ಯಾರದೋ ಮನೆಯ ನಾಳಿನ ಅನ್ನ.

ಇನ್ನೊಂದು ದೂರು ಈ ಬಗೆಯ ಬರಹಗಳಲ್ಲಿ ತಪ್ಪದೆ ಬರುತ್ತದೆ: ಅನುಮತಿ ಪತ್ರದ ಕಿರಿಕಿರಿ. 1967ರ ಪ್ರವೇಶ ನಿರ್ಬಂಧ ನಿಯಮಗಳ ಪ್ರಕಾರ ಹೊರಗಿನವರು ಅನುಮತಿಯಿಲ್ಲದೆ ಲಕ್ಷದ್ವೀಪಕ್ಕೆ ಕಾಲಿಡುವಂತಿಲ್ಲ. ನಮ್ಮದೇ ದೇಶದಲ್ಲಿ ನಮಗೇಕೆ ಪರವಾನಗಿ, ಮನಬಂದಂತೆ ಅಲೆಯುವ ಹಕ್ಕಿಲ್ಲವೇ ಎಂದು ಯಾತ್ರಿಕರು ಸಿಡಿಮಿಡಿಗೊಳ್ಳುತ್ತಾರೆ. ನಾವು ಕೇಂದ್ರ ಸರ್ಕಾರದ ನೌಕರರು. ಅರ್ಜಿ, ಅನುಮತಿ, ಮೊಹರುಗಳ ಪಕ್ಷಪಾತಿಗಳೆಂದು ಯಾರಾದರೂ ನಕ್ಕರೆ ಸಹಿಸಿಕೊಳ್ಳುತ್ತೇವೆ. ಆದರೆ ಲೆಕ್ಕ ನೋಡಿ. ಲಕ್ಷದ್ವೀಪದ ಒಟ್ಟು ನೆಲ 32 ಚದರ ಕಿ.ಮೀ. 2011ರ ಜನಗಣತಿಯಂತೆ ಜನಸಂಖ್ಯೆ 64,473; ಶೇ. 94ಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ಕರ್ನಾಟಕದಲ್ಲಿ ಚದರ ಕಿ.ಮೀ.ಗೆ 319 ಜನರಿದ್ದರೆ ಅಲ್ಲಿ 2,000ಕ್ಕೂ ಹೆಚ್ಚು. ನದಿಯಿಲ್ಲ, ಹೊಳೆಯಿಲ್ಲ. ಮಳೆನೀರು ಹವಳದ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗಿನ ಮಸೂರದಂತೆ ತೇಲುತ್ತಿರುತ್ತದೆ. ಬಾವಿಯಿಂದ ಹೆಚ್ಚು ಎಳೆದರೆ ಉಪ್ಪು ಮೇಲೇರುತ್ತದೆ. ಅದಕ್ಕೇ 2005ರಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕವರತ್ತಿಯಲ್ಲಿ ದಿನಕ್ಕೆ 1 ಲಕ್ಷ ಲೀಟರ್ ಕಡಲ ನೀರನ್ನು ಸಿಹಿಯಾಗಿಸುವ ಸ್ಥಾವರ ಹೂಡಬೇಕಾಯಿತು. ಇಂಥ ನೆಲಕ್ಕೆ ಎಷ್ಟು ಜನ ಬರಬಹುದೆಂದು ಬಾಗಿಲಲ್ಲೇ ಕೇಳುವುದು ಕಿರಿಕಿರಿಯಲ್ಲ, ಮರ್ಯಾದೆ. ಬೇರೆಯವರ ಮನೆಯ ಕೊಡದಲ್ಲಿ ನೀರೆಷ್ಟಿದೆ ಎಂದು ನೋಡದೆ ಸ್ನಾನಕ್ಕೆ ಕೂರುವವರನ್ನು ನಮ್ಮ ಊರುಗಳಲ್ಲಿ ಅತಿಥಿ ಎನ್ನುತ್ತಿರಲಿಲ್ಲ. ನಿಯಮ ಜಾರಿಮಾಡುವವರು ಸೌಜನ್ಯ ತೋರಬೇಕು, ವಿಳಂಬ ತಪ್ಪಬೇಕು ಎಂಬುದು ಬೇರೆ ಮಾತು. ಆ ಬೇಡಿಕೆಗೆ ನಮ್ಮ ಸಹಿಯೂ ಇದೆ.

ಕನ್ನಡಕ್ಕೆ ಈ ಒಬ್ಬಂಟಿ ಯಾತ್ರಿಕನ ಅಗತ್ಯವೇ ಇರಲಿಲ್ಲ ಎಂಬುದು ನಮ್ಮ ಕೊನೆಯ ತಕರಾರು. ನಮ್ಮಲ್ಲಿ ಬೇರೆ ಮಾದರಿಗಳಿವೆ. ಚೆನ್ನೈನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಕಾಡು ಸುತ್ತಿದ ಕಥೆ. ಅಲ್ಲಿ ಗಿಡಕ್ಕೆ ಹೆಸರಿದೆ, ಹುಡುಗರ ತರಲೆಯಿದೆ, ಮೇಷ್ಟರ ಗೊಣಗಾಟವಿದೆ. ಮೇಷ್ಟರು ಎಲ್ಲಿಯೂ ತಮ್ಮನ್ನು ತಾವು ಕಂಡುಕೊಳ್ಳಲು ಹೊರಟವರಲ್ಲ. ತೇಜಸ್ವಿಯವರ ಅಂಡಮಾನಿನ ಪುಸ್ತಕದ ಹೆಸರಿನಲ್ಲೇ ಅಲೆಮಾರಿ ಇದ್ದಾನೆ. ಆದರೆ ಆ ಅಲೆಮಾರಿಯ ಸುತ್ತ ಗೆಳೆಯರಿದ್ದಾರೆ, ಮೀನುಗಳಿವೆ, ಕುತೂಹಲವಿದೆ. ಕಾರಂತರಂತೂ ಕಂಡದ್ದನ್ನು ಕೇಳಿ, ತಿಳಿದು, ಮಕ್ಕಳಿಗೂ ಅರ್ಥವಾಗುವಂತೆ ವಿಜ್ಞಾನ ಬರೆದರು. ಇವರೆಲ್ಲರ ಬರಹದಲ್ಲಿ ಬೆರಗಿಗೂ ತಿಳಿವಿಗೂ ಜಗಳವಿರಲಿಲ್ಲ. ಹೆಸರು ತಿಳಿದರೆ ಸೌಂದರ್ಯ ಕರಗುತ್ತದೆ ಎಂಬ ಭಯ ನಮ್ಮ ತಲೆಮಾರಿನದು. ಗುಂಡುಹವಳದ ವಯಸ್ಸು ತಿಳಿದ ಮೇಲೆ ಅದರ ಬಗೆಗಿನ ನಮ್ಮ ಬೆರಗು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಜೊತೆಗೆ ನಾಚಿಕೆ ಬಂತು. ನಾಚಿಕೆಯೂ ಒಂದು ಬಗೆಯ ತಿಳಿವು.

ಆದ್ದರಿಂದ ನಮ್ಮ ಬಳಗದವರಲ್ಲಿ ನಮ್ಮ ಕೇಳಿಕೆ ಇಷ್ಟು. ಹೋಗಿ, ಒಬ್ಬರೇ ಹೋಗಿ, ಬೇಕಾದರೆ ಚೀಲ ಹೊತ್ತೇ ಹೋಗಿ. ಈಜು ಬಾರದಿದ್ದರೆ ಮೊದಲು ಕೊಳದಲ್ಲಿ ಕಲಿತು ಹೋಗಿ; ಗಾಬರಿಯಾದಾಗ ಹವಳದ ಮೇಲೆ ನಿಲ್ಲುವ ಪ್ರಸಂಗ ಬಾರದಿರಲಿ. ಬರೆಯುವಾಗ ತಿಂಗಳು, ವರ್ಷ, ಜಾಗ, ನೀರಿನ ಆಳ ಬರೆಯಿರಿ. ಹವಳ ಕಂದಾಗಿತ್ತೋ ಬೆಳ್ಳಗಿತ್ತೋ, ಪಾಚಿ ಮುಚ್ಚಿ ಹಸಿರುಗಟ್ಟಿತ್ತೋ ಬರೆಯಿರಿ. ಯಾರು ಕರೆದೊಯ್ದರು, ಅವರು ತಮ್ಮ ಕಡಲಿನ ಬಗ್ಗೆ ಏನೆಂದರು ಎಂಬುದನ್ನು ಬರೆಯಿರಿ. ಆಮೇಲೆ ಜಾಗ ಉಳಿದರೆ ನಿಮ್ಮ ಆತ್ಮದ ಸಮಾಚಾರಕ್ಕೂ ಒಂದು ಪ್ಯಾರಾ ಇರಲಿ, ನಮ್ಮ ಅಭ್ಯಂತರವಿಲ್ಲ.

'ಅಮೃತಶಿಲೆಯ ತೋಟ'ವನ್ನು ನಾವು ಹಿಂದಕ್ಕೆ ಪಡೆಯುತ್ತಿದ್ದೇವೆ. ಹತ್ತು ಪುಟಗಳಲ್ಲಿ ಉಳಿಸಿಕೊಳ್ಳಬಹುದಾದದ್ದು, ತಿದ್ದಿದ ಮೇಲೆ, ಇಷ್ಟು: 2024ರ ಏಪ್ರಿಲ್ ಕೊನೆಯ ವಾರ, ಕಡಮತ್ ದ್ವೀಪದ ಪಡುವಣ ಲಗೂನ್, ಎದೆಮಟ್ಟದ ನೀರು. ಕವಲುಹವಳಗಳು ಸುಣ್ಣದಂತೆ ಬಿಳಿಚಿದ್ದವು. ಒಂದು ಗುಂಡುಹವಳದ ಮೇಲೆ ನಾವು ನಿಂತೆವು. ನಿಲ್ಲಬಾರದೆಂದು ಜೊತೆಗಿದ್ದ ದ್ವೀಪದ ಯುವಕ ಕೂಗಿ ಹೇಳಿದ. ಅವನ ಹೆಸರನ್ನು ನಾವು ಕೇಳಲಿಲ್ಲ.